ಹೋತ ಕಡಿದ ವೈರು, ಏಳನೆಯ ದಿನದ ಹೆಸರು

ಹೋತ ಕಡಿದದ್ದು ಒಂದೇ ಕಡೆ, ಆದರೆ ಕಡಿಯಬಾರದ ಜಾಗವನ್ನೇ ಹುಡುಕಿ ಕಡಿದಿತ್ತು. ಪೆಟ್ಟಿಗೆಯ ಹಾಗೆ ಮಡಚಿಡುವ ಸೋಲಾರ್ ಹಲಗೆಯಿಂದ ಚಾರ್ಜ್ ಮಾಡುವ ಡಬ್ಬಿಗೆ ಹೋಗುವ ವೈರು ತುಂಡಾಗಿ, ಒಳಗಿನ ಕೆಂಪು ಕಪ್ಪು ಎಳೆಗಳು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ಫಿದ್ದಾ ಹೋತಕ್ಕೆ ಬೈದಳು, ಅದರ ತಾಯಿಗೆ ಬೈದಳು, ಅದನ್ನು ತನಗೆ ಕೊಟ್ಟ ಸೋದರಮಾವನಿಗೂ ಬೈದಳು. ಹೋತ ಗಡ್ಡ ಅಲ್ಲಾಡಿಸುತ್ತ ಕೇಳಿಸಿಕೊಂಡಿತು.

ಬೇರೆ ದಿನವಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಇವತ್ತು ಮಗಳು ಹಸ್ನಾಳ ಹೆಣ್ಣುಕೂಸಿಗೆ ಏಳನೆಯ ದಿನ; ಮಆನ್ ಪಟ್ಟಣದ ಬೀಗರ ಮನೆಯಲ್ಲಿ ಹೆಸರಿಡುವ ಊಟ. ಇಲ್ಲಿ ಕುರಿಗಳು ಈಯುವ ಕಾಲ, ಡೇರೆ ಬಿಟ್ಟು ಕದಲುವಂತಿಲ್ಲ. ಹಾಗಾಗಿ ಮಗ ಔದಾನನ್ನೂ ಮದುವೆಯಾಗದ ಕಿರಿಮಗಳನ್ನೂ ಪಿಕಪ್ಪಿನಲ್ಲಿ ಒಂದು ಟಗರಿನ ಜೊತೆ ಕಳಿಸಿ ಗಂಡ ಹೆಂಡತಿ ಉಳಿದುಕೊಂಡಿದ್ದರು. "ಹೆಸರು ನೀನೇ ಹೇಳಮ್ಮ, ಆದ್ರೆ ಹೊತ್ತು ಮುಳುಗೋದ್ರೊಳಗೆ ಫೋನ್ ಮಾಡು," ಎಂದಿದ್ದಳು ಹಸ್ನಾ. ಫಿದ್ದಾಳಿಗೆ ತನ್ನ ತಾಯಿ ನುವೈರಾಳ ಹೆಸರಿಡುವ ಆಸೆ. ಹೊತ್ತು ಮುಳುಗಿದರೆ ಹಸ್ನಾಳ ಅತ್ತೆ ತುರ್ಫಾ ತನ್ನ ಹೆಸರನ್ನೇ ಇಟ್ಟುಬಿಡುತ್ತಾಳೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೊಮ್ಮಗಳನ್ನು ಮುದ್ದು ಮಾಡುವಾಗಲೆಲ್ಲ ಬೀಗಿತ್ತಿಯ ಹೆಸರು ಬಾಯಲ್ಲಿ ಬರಬೇಕೆ! ಫೋನು ನೋಡಿದರೆ ನಿನ್ನೆಯೇ ಕಣ್ಣು ಮುಚ್ಚಿತ್ತು.

ಇದರ ನಡುವೆ ಬೆಳಿಗ್ಗೆ ಒಬ್ಬ ಅತಿಥಿ ಒಂಟೆಯ ಮೇಲೆ ಬಂದಿಳಿದಿದ್ದ. ಮುತ್ಲಖ್ ಅಂತ, ನಡುವಯಸ್ಸಿನವನು. ಅವನ ಫೋನೂ ಸತ್ತಿತ್ತು. ಮರಳುಗಾಡಿನ ಪದ್ಧತಿಯಂತೆ ಅತಿಥಿಯನ್ನು ಯಾಕೆ ಬಂದೆ ಎಂದು ಮೂರು ದಿನ ಕೇಳುವಂತಿಲ್ಲ, ಅವನ ಕೈಲಿ ಒಂದು ಕಡ್ಡಿ ಎತ್ತಿಸುವಂತಿಲ್ಲ. ಆದರೆ ಪರದೆಯಾಚೆ ಗಂಡಸರ ಪಾಲಿನಲ್ಲಿ ಅವನು ಫಿದ್ದಾಳ ಗಂಡ ಹುಲೈಲನಿಗೆ ಹೇಳುತ್ತಿದ್ದುದು ಅವಳ ಕಿವಿಗೆ ಬಿದ್ದಿತ್ತು: "ನಮ್ ಬಾವಿ ಪಂಪಿಗೂ ಇಂಥವೇ ಹಲಗೆ ಹಾಕಿದೀವಿ. ವೈರು ಕಿತ್ತೋದ್ರೆ ಕಟ್ಟೋದು ನಾನೇ."

ದೇವರೇ, ವೈದ್ಯ ಮನೆಯೊಳಗೇ ಕೂತಿದ್ದಾನೆ, ರೋಗ ಹೇಳಿಕೊಳ್ಳುವಂತಿಲ್ಲ!

ಫಿದ್ದಾ ವೈರು ಹಿಡಿದು ಪರದೆಯ ಪಕ್ಕದಲ್ಲೇ ಕೂತಳು. ಹೋತದ ಕಡೆ ತಿರುಗಿ, ಆಚೆಗೆ ಕೇಳುವಷ್ಟು ದನಿಯಲ್ಲಿ, "ಅಲ್ವೋ ಗಡ್ಡದಪ್ಪ, ಕಡಿಯೋದು ಗೊತ್ತು ನಿಂಗೆ. ಕೆಂಪನ್ನ ಯಾವ್ದಕ್ಕೆ ಕಟ್ಟೋದು ಅಂತ ಗೊತ್ತಾ?" ಎಂದಳು.

ಆಚೆ ಮುತ್ಲಖ್ ಕೆಮ್ಮಿ, ಒಲೆಯ ಮೇಲಿದ್ದ ಕಾಫಿ ಪಾತ್ರೆಗೆ ಹೇಳಿದ: "ಪಾತ್ರೆಯಮ್ಮ, ಮೊದ್ಲು ಹಲಗೇನ ಬೋರಲು ಹಾಕ್ಬೇಕು, ಬಿಸಿಲು ತಾಗಬಾರ್ದು. ಆಮೇಲೆ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು."

"ಕಟ್ಟಿದ್ಮೇಲೆ ಏನು ಸುತ್ತೋದು? ಡೇರೆ ನೇಯೋ ಕೂದಲ ದಾರ ಸಾಕಾ, ಹೋತಪ್ಪ?"

"ಅಯ್ಯೋ, ಬೇಡ್ವೇ ಪಾತ್ರೆಯಮ್ಮ! ಇಬ್ಬನಿ ಬಿದ್ರೆ ಒದ್ದೆಯಾಗಿ ಎರಡೂ ಒಂದಕ್ಕೊಂದು ಕಚ್ಚಾಡ್ತವೆ."

ಹುಲೈಲ್ ಒಮ್ಮೆ ಪಾತ್ರೆಯನ್ನು, ಒಮ್ಮೆ ಪರದೆಯನ್ನು ನೋಡಿದ. ಅರ್ಥವಾಗಿ, ಹೆಂಡತಿಯನ್ನು ಔದಾನ ತಾಯಿ ಎಂದು ಮಗನ ಹೆಸರಿನಿಂದಲೇ ಕರೆದ: "ಉಮ್ಮು ಔದಾ! ನನ್ನ ಡೇರೇಲಿ ಅತಿಥಿ ಕೈಲಿ ಕೂಲಿ ಮಾಡಿಸ್ತೀಯಾ? ನಾಳೆ ಬಾವಿ ಹತ್ರ ನಾಲ್ಕು ಜನ ಏನಂತಾರೆ?"

"ನಾನು ಹೋತನ ಜೊತೆ ಮಾತಾಡ್ತಿದ್ದೆ. ನಿನ್ನ ಯಾರು ಕೇಳಿದ್ರು?"

"ನಲವತ್ತು ವರ್ಷದಲ್ಲಿ ನನ್ ಜೊತೆ ಇಷ್ಟು ಸಮಾಧಾನವಾಗಿ ಮಾತಾಡಿದ್ದು ಕಾಣೆ!"

ಆಗ ಮುತ್ಲಖ್ ಕೈಲಿದ್ದ ಕಾಫಿ ಬಟ್ಟಲನ್ನು ಗುಟುಕೂ ಕುಡಿಯದೆ ನೆಲದ ಮೇಲೆ ಇಟ್ಟ.

ಹುಲೈಲನ ನಗು ಅಲ್ಲೇ ಇಂಗಿತು. ಅತಿಥಿ ಕಾಫಿ ಕುಡಿಯದೆ ಕೆಳಗಿಟ್ಟನೆಂದರೆ ಅವನದೊಂದು ಕೋರಿಕೆ ಇದೆ, ನಡೆಸಿಕೊಡುವವರೆಗೆ ಮುಟ್ಟುವುದಿಲ್ಲ ಎಂದರ್ಥ. ಹಿರಿಯರು ಹೆಣ್ಣು ಕೇಳುವುದು ಹೀಗೆ, ಕೊಲೆಗೆ ಕ್ಷಮೆ ಬೇಡುವುದೂ ಹೀಗೆ. ಫಿದ್ದಾಳೂ ಪರದೆಯ ಸಂದಿಗೆ ಕಣ್ಣಿಟ್ಟು ಬಟ್ಟಲನ್ನು ನೋಡಿದಳು. ಏನು ಕೇಳುತ್ತಾನೋ! ತಮ್ಮ ಬಿಳಿ ಒಂಟೆಯನ್ನೋ, ಕಿರಿಮಗಳನ್ನೋ?

ಹುಲೈಲ್ ಬಟ್ಟಲನ್ನು ಅತಿಥಿಯ ಕಡೆ ಸರಿಸಿದ. "ಕುಡಿಯಪ್ಪ. ನೀನು ಕೇಳೋದು ಕೊಟ್ಟ ಹಾಗೇ."

"ಮಾತು ಕೊಟ್ರಾ, ಅಬು ಔದಾ?"

"ಕೊಟ್ಟೆ."

"ಹಾಗಾದ್ರೆ ಆ ವೈರು ನಂಗೆ ಕೊಡಿ. ಸಂಜೆವರೆಗೆ ಅದು ನಂದು. ನನ್ನ ವಸ್ತೂನ ನಾನು ಏನ್ ಬೇಕಾದ್ರೂ ಮಾಡ್ಕೋತೀನಿ."

ಫಿದ್ದಾ ಪರದೆಯ ಕೆಳಗಿನಿಂದ ವೈರನ್ನು ಹಾವಿನಂತೆ ಜಾರಿಸಿಯೇ ಬಿಟ್ಟಳು. ಹುಲೈಲ್ ತಲೆಯ ಮೇಲೆ ಕೈಹೊತ್ತು ನಗತೊಡಗಿದ.

ಮುತ್ಲಖ್ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ ಚಾಕು ತೆಗೆದ. ಕಡಿದು ಹಿಂಜಿದ ಭಾಗವನ್ನು ಕತ್ತರಿಸಿ ಎಸೆದ. ಕೆಂಪು ಎಳೆಯ ಗಂಟು ಒಂದು ಕಡೆ, ಕರಿ ಎಳೆಯದು ನಾಲ್ಕು ಬೆರಳು ಆಚೆ ಬರುವ ಹಾಗೆ ಉದ್ದ ಗಿಡ್ಡ ಮಾಡಿ, ಸಿಪ್ಪೆ ಸುಲಿದು, ತಾಮ್ರದ ಕೂದಲುಗಳನ್ನು ಒಂದರೊಳಗೊಂದು ಹೆಣೆದು ಬಿಗಿಯಾಗಿ ಹೊಸೆದ. ಟೇಪು? ತನ್ನ ಒಂಟೆ ಕೋಲಿನ ಹಿಡಿಗೆ ಸುತ್ತಿದ್ದ ಕರಿ ಟೇಪನ್ನು ಹೊರಗಿನ ಸುತ್ತು ಬಿಟ್ಟು ಒಳಗಿನ ಅಂಟುಳ್ಳ ಭಾಗ ಹುಡುಕಿ ಬಿಚ್ಚಿ, ಮೊದಲು ಒಂದೊಂದು ಗಂಟಿಗೆ, ಆಮೇಲೆ ಎರಡಕ್ಕೂ ಸೇರಿಸಿ ಸುತ್ತಿದ. ಹೊರಗೆ ಬೋರಲು ಹಾಕಿದ್ದ ಹಲಗೆಯನ್ನು ಮಗುಚಿ ವೈರು ಸಿಕ್ಕಿಸಿದ. ಡಬ್ಬಿಯ ಹಸಿರು ದೀಪ ಮಿಣುಕಿತು.

"ಹೊತ್ತಿತು!" ಎಂದು ಫಿದ್ದಾ ಕೂಗುವಷ್ಟರಲ್ಲಿ ಆರಿತು. ಗುಡ್ಡದ ನೆರಳು ಡೇರೆಯ ಮೇಲೆ ಬಂದಿತ್ತು.

"ಬಿಸಿಲು ಓಡ್ತಿದೆ, ಹಿಡೀರಿ!" ಹುಲೈಲ್ ಹಲಗೆಯನ್ನು ಬೆನ್ನಿಗೇರಿಸಿ, ಅದರ ಮುಖ ಪಡುವಣಕ್ಕಿರಲಿ ಎಂದು ಹಿಮ್ಮುಖವಾಗಿ ದಿಬ್ಬ ಹತ್ತತೊಡಗಿದ. ಹಿಂದೆ ವೈರು ಎಳೆಯದಂತೆ ಎತ್ತಿ ಹಿಡಿದ ಅತಿಥಿ, ಅವನ ಹಿಂದೆ ಡಬ್ಬಿ ಹಿಡಿದ ಫಿದ್ದಾ. ಮೂವರೂ ಮದುವೆ ದಿಬ್ಬಣದ ಹಾಗೆ ಬಿಸಿಲಿನ ಬೆನ್ನು ಹತ್ತಿ, ನೆತ್ತಿಯಲ್ಲಿ ಕೂತರು. ಸಿಗ್ನಲ್ ಸಿಗುವುದೂ ಅಲ್ಲೇ. ಫೋನು ಕಣ್ಣು ಬಿಡುವಷ್ಟರಲ್ಲಿ ಸೂರ್ಯನ ಅಂಚು ಮರಳಿಗೆ ತಾಗಿತ್ತು.

ಕರೆ ಎತ್ತಿದ್ದು ಹಸ್ನಾ ಅಲ್ಲ, ತುರ್ಫಾ. ಫಿದ್ದಾ ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಸಲಾಂ ಹೇಳಿದಳು.

"ಎಲ್ಲಿ ಸತ್ತಿದ್ಯೇ ಫಿದ್ದಾ!" ಎಂದು ತುರ್ಫಾ ಅತ್ತಲಿಂದ ಕಿರುಚಿದಳು. "ಮಧ್ಯಾಹ್ನದಿಂದ ಇಡೀ ಬೀದೀನ ಕೂರಿಸ್ಕೊಂಡಿದೀನಿ. ತಾಯಿ ಕಡೆ ಅಜ್ಜಿ ಹೆಸರು ಹೇಳದೆ ಯಾರೂ ತಟ್ಟೆಗೆ ಕೈ ಹಾಕ್ಕೂಡದು ಅಂದಿದೀನಿ. ನನ್ ಗಂಡ ಎರಡು ಸಲ ಹಸಿವು ಅಂತ ಎದ್ದ, ಎರಡು ಸಲಾನೂ ಕೂರಿಸ್ದೆ. ಬೇಗ ಹೇಳು, ನನ್ ಮಾತಿಗೆ ಇನ್ನೊಂದು ಗಳಿಗೆ ಮರ್ಯಾದೆ ಉಳಿಯಲ್ಲ!"

ದಿನವಿಡೀ ಹೊಂದಿಸಿಟ್ಟುಕೊಂಡಿದ್ದ ಜಗಳದ ಮಾತು ಬಿಟ್ಟು ಫಿದ್ದಾ ಬೇರೆಯದನ್ನೇ ಕೇಳಿದಳು:

"ತುರ್ಫಾ... ನಿಂಗೆ ನಿನ್ ಹೆಸರಿಡ್ಬೇಕು ಅಂತ ಇರ್ಲಿಲ್ವೇನೇ?"

"ಯಾಕಿಲ್ಲ? ಇತ್ತು! ಆದ್ರೆ ಹಸ್ನಾ ನಿಂಗೆ ಮಾತು ಕೊಟ್ಟಾಗಿತ್ತು. ನಂದು ಮುಂದಿನ ಕೂಸಿಗೆ. ಹೇಳ್ತೀಯೋ, ಅನ್ನದ ಜೊತೆ ನಾವೂ ಆರಿ ತಣ್ಣಗಾಗ್ಬೇಕೋ?"

"ನುವೈರಾ," ಎಂದಳು ಫಿದ್ದಾ, ಮೆಲ್ಲಗೆ. ಆಮೇಲೆ ಎದ್ದು ನಿಂತು, ಇಡೀ ಕಣಿವೆಗೆ ಕೇಳುವಂತೆ, "ನುವೈರಾ!"

ಅತ್ತ ತುರ್ಫಾ ಆ ಹೆಸರನ್ನು ಅಂಗಳಕ್ಕೆ ಕೂಗಿದಳು. ಅಂಗಳದ ಹೆಂಗಸರು ಸಂಭ್ರಮಕ್ಕೆ ಕೂಗಿದ ಉಲುಲುಲು ಫೋನಿನೊಳಗಿಂದ ಎಷ್ಟು ಜೋರಾಗಿ ಬಂತೆಂದರೆ, ಫಿದ್ದಾ ಅದನ್ನು ಕಿವಿಯಿಂದ ದೂರ ಹಿಡಿದು, ತಾನೂ ನಾಲಿಗೆ ಹೊರಳಿಸಿ ಉತ್ತರ ಕೊಟ್ಟಳು.