ಇಲ್ಲದ ಬೆಕ್ಕು

ಸಂಜೆ ಆರಕ್ಕೆ ಚರ್ಚೆ ಮುಗಿಯುವುದಿತ್ತು. ಅಷ್ಟರೊಳಗೆ ಯಾರಾದರೂ ಒಂದು ಗಟ್ಟಿ ಆಧಾರ ತೋರಿಸದಿದ್ದರೆ ಭಾವನ ‘ಬೆರಳು’ ತಂತ್ರಾಂಶದ ಪುಟವನ್ನು ಆನ್‌ಲೈನ್ ವಿಶ್ವಕೋಶದಿಂದ ಅಳಿಸಿಹಾಕುತ್ತಿದ್ದರು. ಸಂಗೀತದ ಸ್ವರಲಿಪಿಯನ್ನು ಬ್ರೈಲ್ ಚುಕ್ಕಿಗಳಿಗೆ ಇಳಿಸುವ ತಂತ್ರಾಂಶ ಅದು. ಅದನ್ನು ತೆಗೆದುಕೊಳ್ಳಬೇಕೋ ಬೇಡವೋ ಎಂದು ಅಂಧರ ಶಾಲೆಯ ಸಮಿತಿ ಮರುದಿನ ತೀರ್ಮಾನಿಸಲಿತ್ತು. “ವಿಶ್ವಕೋಶದಲ್ಲೇ ಇಲ್ಲ ಅಂದ್ರೆ ನಾನು ಯಾವ ಮುಖ ಇಟ್ಕೊಂಡು ವಾದ ಮಾಡ್ಲಿ?” ಎಂದು ಮುಖ್ಯೋಪಾಧ್ಯಾಯಿನಿ ಭಾವನಿಗೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದರು.

ನಾನು ಅದೇ ವಿಶ್ವಕೋಶದ ಹಳೇ ಸಂಪಾದಕಿ. ಸಂಬಳವಿಲ್ಲ, ಬೈಗುಳಕ್ಕೆ ಮಾತ್ರ ಬರವಿಲ್ಲ. ಆಧಾರವಿಲ್ಲದ ಪುಟ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಭಾವ ನನಗಿಟ್ಟ ಹೆಸರು ಕತ್ತರಿ. ಆದರೆ ಮನೆಯವರ ಪುಟದ ಚರ್ಚೆಯಲ್ಲಿ ಮತ ಹಾಕುವಂತಿಲ್ಲ. ಹಾಗಾಗಿ ಅಕ್ಕನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ‘ಅಳಿಸಿ’, ‘ಅಳಿಸಿ’ ಎಂದು ಬಂದು ಬೀಳುತ್ತಿದ್ದುದನ್ನು ಕೈ ಕಟ್ಟಿ ಓದುತ್ತಿದ್ದೆ. ‘ಬೆರಳು’ ತಂತ್ರಾಂಶದಿಂದಲೇ ಪಿಯಾನೊ ಕಲಿತವಳೊಬ್ಬಳು ‘ಇದಿಲ್ಲದಿದ್ದರೆ ನಾನು ನುಡಿಸುತ್ತಲೇ ಇರಲಿಲ್ಲ’ ಎಂದು ಬರೆದಳು. ‘ಸ್ವಂತ ಅನುಭವ ಆಧಾರವಾಗದು’ ಎಂದು ಉತ್ತರ ಬಂತು. ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ. ಆದರೂ ಆ ಮನುಷ್ಯನ ಮೇಲೆ ಕೆಟ್ಟ ಕೋಪ ಬಂತು.

ಐದು ದಾಟಿದ ಮೇಲೆ ಭಾವ ಕೋಣೆಯಿಂದ ಓಡಿ ಬಂದರು. “ಸಿಕ್ತು ಕಣೇ ಕತ್ತರಿ!”

ಹೆಸರಾಂತ ಪತ್ರಿಕೆಯೊಂದು ಬೆರಳಿನ ಬಗ್ಗೆ ಪುಟ ತುಂಬ ಬರೆದಿತ್ತು. ಭಾವ ಆಗಲೇ ಅದರ ಕೊಂಡಿಯನ್ನು ಚರ್ಚೆಗೆ ಹಾಕಿಯೂ ಆಗಿತ್ತು. ನೋಡನೋಡುತ್ತ ಗಾಳಿ ತಿರುಗಿತು. ‘ಉಳಿಸಿ.’ ‘ಮನಸ್ಸು ಬದಲಿಸಿದ್ದೇನೆ, ಉಳಿಸಿ.’ ಅಕ್ಕ ಒದ್ದೆ ಕೈಯಲ್ಲೇ ಬಂದು ನನ್ನ ಭುಜ ಹಿಡಿದಳು. ನನಗೂ ಹೋದ ಜೀವ ಬಂದಂತಾಯಿತು.

ಆಮೇಲೆ ಆ ಲೇಖನ ಓದಿದೆ. ಓದದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ‘ಮನೆಯ ಬೆಕ್ಕು ಕೀಬೋರ್ಡಿನ ಮೇಲೆ ನಡೆದುಹೋದಾಗ ಕರ್ತೃವಿಗೆ ಈ ಉಪಾಯ ಹೊಳೆಯಿತು’ ಎಂದಿತ್ತು.

ಬೆಕ್ಕು ಹತ್ತಿರ ಸುಳಿದರೆ ಅಕ್ಕನಿಗೆ ಉಸಿರು ಕಟ್ಟುತ್ತದೆ. ಈ ಮನೆಯೊಳಗೆ ಬೆಕ್ಕು ಕಾಲಿಟ್ಟೇ ಇಲ್ಲ.

“ಭಾವ, ಈ ಬೆಕ್ಕು ಎಲ್ಲಿಂದ ಬಂತು?”

“ಅದಾ? ತಮಾಷೆಗೆ ಪುಟದಲ್ಲಿ ನಾನೇ ಸೇರಿಸಿದ್ದೆ. ಮಜಾ ಇರ್ಲಿ ಅಂತ.”

“ಪತ್ರಿಕೆಯವರು ನಿಮ್ಮನ್ನ ಮಾತಾಡಿಸಿದ್ರಾ?”

“ಇಲ್ವಲ್ಲ...” ಅಷ್ಟು ಹೇಳಿ ಭಾವ ನಾಲಿಗೆ ಕಚ್ಚಿಕೊಂಡರು.

ನಮ್ಮ ಪುಟ ನೋಡಿ ಅವರು ಬರೆದಿದ್ದರು. ಅವರು ಬರೆದದ್ದನ್ನು ತೋರಿಸಿ ನಾವು ಪುಟ ಉಳಿಸಿಕೊಳ್ಳುತ್ತಿದ್ದೆವು. ಹೋದ ತಿಂಗಳಷ್ಟೇ ಇದೇ ಕಾರಣಕ್ಕೆ ಯಾರದೋ ಪುಟ ತೆಗೆಸಿ, ಮೇಲಿಂದ ಉಪದೇಶ ಬೇರೆ ಕೊಟ್ಟಿದ್ದೆ.

“ಬೆಕ್ಕಿಲ್ಲ ಅಂತ ಗೊತ್ತಿರೋದು ನಮ್ಮ ಮೂರು ಜನಕ್ಕೆ,” ಎಂದಳು ಅಕ್ಕ. “ಬಾಯ್ಮುಚ್ಕೊಂಡು ಇರು.”

“ಬೆರಳು ಕೆಲಸ ಮಾಡುತ್ತಲ್ವಾ? ಅದೂ ಸುಳ್ಳಾ?” ಎಂದರು ಭಾವ.

“ಅದು ಸುಳ್ಳಲ್ಲ ಭಾವ. ಆಧಾರ ಸುಳ್ಳು.”

“ಆರು ಗಂಟೆ ತನಕ ಸುಮ್ನಿರು. ನಾನು ಕೇಳೋದು ಅಷ್ಟೇ.”

ಸುಮ್ಮನಿರಬೇಕೆಂದು ನನಗೂ ಆಸೆಯಿತ್ತು. ಒಂದು ತಮಾಷೆಗೆ ಇಷ್ಟೆಲ್ಲ ಮಾಡಿಟ್ಟ ಈ ಮನುಷ್ಯನ ಮೇಲೆ ಸಿಟ್ಟೂ ಇತ್ತು, ಕನಿಕರವೂ ಇತ್ತು. ಕೊನೆಗೆ ಬರೆದೆ: ‘ನಾನು ಕರ್ತೃವಿನ ನಾದಿನಿ. ಈ ಲೇಖನ ನಮ್ಮ ಪುಟವನ್ನೇ ನೋಡಿ ಬರೆದದ್ದು. ಆ ಮನೆಯಲ್ಲಿ ಬೆಕ್ಕು ಇರಲೇ ಇಲ್ಲ.’ ಭಾವ ಹಿಂದೆ ನಿಂತು ಒಂದೊಂದೇ ಪದ ಓದುತ್ತಿದ್ದರು. ನನ್ನ ಕೈ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಗುಂಡಿ ಒತ್ತಿದೆ.

ಆರಕ್ಕೆ ಪುಟ ಹೋಯಿತು. ಯಾರೋ ‘ಪ್ರಾಮಾಣಿಕತೆಗೆ ಧನ್ಯವಾದ’ ಎಂದು ಬರೆದರು. ಅವರ ಧನ್ಯವಾದಕ್ಕಿಷ್ಟು ಬೆಂಕಿ ಹಾಕ!

ಅಕ್ಕ ಅಡುಗೆಮನೆಗೆ ಹೋದಳು. ಭಾವ ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿದರು. “ಪುಟ ಹೋಯ್ತು ಮೇಡಂ. ಇಲ್ಲ, ಬೇರೆ ಯಾರದ್ದೂ ಅಲ್ಲ, ತಪ್ಪು ನಂದೇ.”

ಫೋನ್ ಇಟ್ಟ ಮೇಲೆ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ನನ್ನನ್ನು ಹೆಸರು ಹಿಡಿದು ಕರೆದು, “ಮೇಜು ಖಾಲಿ ಮಾಡಮ್ಮ,” ಎಂದರು.

ಅಕ್ಕನ ಮದುವೆಯಾದಾಗಿನಿಂದ ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು.