ಹುಲಿಗವ್ವನ ಅಳು, ನನ್ನ ಸಿನಿಮಾ

ಸಿದ್ದಾರ್ಥನಿಗೆ ಸೀರೆ ಉಡಿಸಿದ್ದು ದೊಡ್ಡವ್ವನೇ. ಟ್ರಂಕಿನ ತಳದಿಂದ ತನ್ನ ಇಳಕಲ್ ಸೀರೆ ತೆಗೆದುಕೊಟ್ಟವಳು, ನಾವಿಬ್ಬರೂ ನೆರಿಗೆ ಹಿಡಿಯಲು ಬಾರದೆ ಒದ್ದಾಡುವುದನ್ನು ನೋಡಲಾರದೆ ತಾನೇ ಮುಂದೆ ಬಂದಳು.

"ಏ ಹುಡುಗಾ, ನೆಟ್ಟಗ ನಿಂದ್ರು. ಹೊಟ್ಟಿ ಒಳಗ ತಗೋ," ಎನ್ನುತ್ತ ಅವನ ಸೊಂಟಕ್ಕೆ ನೆರಿಗೆ ಸಿಗಿಸುವಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಮೂಲೆಯಲ್ಲಿ ಕೂತಿದ್ದ ಅಜ್ಜಿಯೂ ಬೊಚ್ಚುಬಾಯಿ ಬಿಟ್ಟು ನಕ್ಕಳು.

"ಸಿನಿಮಾದಾಗ ಯಾರ ಪಾರ್ಟು ಇವಂದು?" ಎಂದು ದೊಡ್ಡವ್ವ ಕೇಳಿದಳು.

"ಯಾರೋ ಒಬ್ಬಾಕಿ ಹೆಂಗಸು," ಎಂದೆ.

ಆ ಹೆಂಗಸು ದೊಡ್ಡವ್ವನೇ ಎಂದು ನನಗೂ ಗೊತ್ತಿತ್ತು, ಸಿದ್ದಾರ್ಥನಿಗೂ ಗೊತ್ತಿತ್ತು. ಹೇಳಿದರೆ ಸೀರೆ ಸಿಗುವುದಿಲ್ಲವೆಂದು ಇಬ್ಬರೂ ಬಾಯಿ ಮುಚ್ಚಿಕೊಂಡೆವು.

ನಾನು ಸುರೇಖಾ. ಕೊಪ್ಪಳದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ. ಸಿದ್ದಾರ್ಥ ನನ್ನ ಕ್ಲಾಸಿನವನು. ಅಪ್ಪ ಅವ್ವ ಗಂಗಾವತಿ ಕಡೆ ಭತ್ತದ ಗದ್ದೆಯಲ್ಲಿ ಕೂಲಿ ಮಾಡುತ್ತಾರೆ. ಓದಲಿ ಎಂದು ನನ್ನನ್ನು ಭಾಗ್ಯನಗರದಲ್ಲಿ ಅವ್ವನ ಅಕ್ಕ ಹುಲಿಗವ್ವನ ಹತ್ತಿರ ಬಿಟ್ಟಿದ್ದಾರೆ. ಗಂಡ ತೀರಿಕೊಂಡ ದೊಡ್ಡವ್ವ, ಅವಳ ತಾಯಿ ಅಂದರೆ ನನ್ನ ಅಜ್ಜಿ ದುರಗವ್ವ, ಮತ್ತೆ ನಾನು. ಮನೆಯಲ್ಲಿ ಇಷ್ಟೇ ಜನ. ದೊಡ್ಡವ್ವ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಅದು ಬಿಟ್ಟರೆ ಓಣಿಯಲ್ಲಿ ಯಾರು ಸತ್ತರೂ ಹೋಗಿ ಅಳುತ್ತಾಳೆ.

ಅದಕ್ಕಾಗಿ ಯಾರೂ ಅವಳಿಗೆ ಏನೂ ಕೊಡುವುದಿಲ್ಲ, ಕರೆಯಲು ಬರುವುದೂ ಇಲ್ಲ. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಕೂತು, ಅವರನ್ನು ಮಾತಾಡಿಸುತ್ತ, ರಾಗ ಎಳೆದು ಅಳುತ್ತಾರೆ. ಸತ್ತವರು ಉಂಡದ್ದು, ಬೈದದ್ದು, ಅರ್ಧಕ್ಕೆ ಬಿಟ್ಟುಹೋದದ್ದು ಎಲ್ಲ ಆ ಅಳುವಿನಲ್ಲಿ ಬರುತ್ತದೆ. ಬದುಕಿರುವವರ ಮೇಲಿನ ದೂರೂ ಬರುತ್ತದೆ. ದೊಡ್ಡವ್ವ ಎಡಗೈ ಕಿವಿಗೆ ಹಚ್ಚಿ, ಬಲಗೈಯಿಂದ ತೊಡೆ ಬಡಿದುಕೊಳ್ಳುತ್ತ ಶುರು ಮಾಡಿದಳೆಂದರೆ, ಒಣ ಕಣ್ಣಲ್ಲಿ ಕೂತ ಸೊಸೆಯಂದಿರೂ ಬಿಕ್ಕುತ್ತಿದ್ದರು.

ಎದುರು ಮನೆಯ ಕುಬೇರಪ್ಪ ಸತ್ತಾಗ ನಾನೂ ಅವಳ ಪಕ್ಕದಲ್ಲಿದ್ದೆ. ಹೆಂಡತಿಗೆಂದು ಮಿಕ್ಸರ್ ತಂದಿಟ್ಟ ಮರುದಿನವೇ ಆತ ಹೋಗಿಬಿಟ್ಟಿದ್ದ. ದೊಡ್ಡವ್ವ ಅದನ್ನೇ ಹಿಡಿದಳು: "ಹೊಸಾ ಮಿಕ್ಸರ್ ತಂದು ಡಬ್ಬಿ ಸೈತ ಒಡೀಲಿಲ್ಲಲ್ಲೋ ನನ್ನಣ್ಣಾ... ಒಂದ್ ತುತ್ತು ಚಟ್ನಿ ತಿಂದು ಹೋಗಬಾರದಿತ್ತೇನೋ..." ಕುಬೇರಪ್ಪನ ಹೆಂಡತಿ ನೆಲಕ್ಕೆ ಹಣೆ ಬಡಿದುಕೊಂಡಳು. ನಾನು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡೆ. ಅಳುತ್ತಿದ್ದೇನೆ ಎಂದು ಎಲ್ಲರೂ ತಿಳಿದರು. ನಾನು ನಗುತ್ತಿದ್ದೆ.

ನನ್ನ ಸ್ವಭಾವವೇ ಹಾಗೆ. ನಗೆಯ ಪುಸ್ತಕಗಳನ್ನು ಓದಿ ಓದಿ ನನಗೆ ಸಿಟ್ಟು ಬಂದಿತ್ತು. ಅಲ್ಲಿ ನಗಿಸುವವರೆಲ್ಲ ಛತ್ರಿ ಮರೆಯುವ ಮೇಷ್ಟ್ರು, ಕಾಫಿಗೆ ಸಕ್ಕರೆ ಸಾಲದೆಂದು ಹೆಂಡತಿಯ ಜೊತೆ ಜಗಳ ಆಡುವ ಗುಮಾಸ್ತರು. ನಮ್ಮ ಓಣಿಯವರು ಯಾವ ಪುಟದಲ್ಲೂ ಇಲ್ಲ. ಪಂಪಾಪತಿ ಸರ್ ಕ್ಲಾಸಿನಲ್ಲಿ ಹಾಸ್ಯರಸದ ಪಾಠ ಮಾಡುತ್ತ, ಒಂದಕ್ಕೊಂದು ಹೊಂದದ ಎರಡನ್ನು ಒಂದೇ ಕಡೆ ಕೂರಿಸಿದರೆ ನಗು ಹುಟ್ಟುತ್ತದೆ ಎಂದರು. ನನ್ನ ತಲೆಯೊಳಗೆ ಕೂಡಲೇ ಹೆಣವೂ ಮಿಕ್ಸರೂ ಅಕ್ಕಪಕ್ಕ ಕೂತವು. ಇದನ್ನೇ ಸಿನಿಮಾ ಮಾಡಬೇಕು, ನಮ್ಮ ಮಾತು, ನಮ್ಮ ಜನ ತೆರೆಯ ಮೇಲೆ ಬರಬೇಕು ಎಂದು ಸಿದ್ದಾರ್ಥನ ಮುಂದೆ ದೊಡ್ಡ ಭಾಷಣ ಬಿಗಿದೆ. ನಮ್ಮ ಜನರನ್ನು ತೆರೆಗೆ ತಂದೆ ನಿಜ. ಯಾರ ನಗುವಿಗೆ ತರುತ್ತಿದ್ದೇನೆ ಎಂದು ಮಾತ್ರ ಯೋಚಿಸಲಿಲ್ಲ.

ಕಥೆ ಸಣ್ಣದು. ಅಳುವ ಚಟದ ಹೆಂಗಸೊಬ್ಬಳು ಮನೆ ಮನೆ ತಿರುಗುತ್ತಾಳೆ. ಕೊನೆಗೆ ಕಟ್ಟೆಯ ಮೇಲೆ ಮಲಗಿದವನನ್ನು ಸತ್ತನೆಂದು ತಿಳಿದು ಮಿಕ್ಸರ್, ಚಟ್ನಿ ಎಂದೆಲ್ಲ ಅಳುತ್ತಾಳೆ. ಅವನು ಎದ್ದು ಕೂತು, "ಚಟ್ನಿ ಎಲ್ಲೈತಿ?" ಎನ್ನುತ್ತಾನೆ.

ಕಾಲೇಜಿನ ಹಬ್ಬದ ದಿನ ಸಭಾಂಗಣದಲ್ಲಿ ಅದನ್ನು ತೋರಿಸಿದರು. ದೊಡ್ಡವ್ವ ಶಾಲೆಯ ಪಾತ್ರೆ ತೊಳೆದಿಟ್ಟು ನೇರ ಬಂದಿದ್ದಳು. ಬರಬೇಡ ಎನ್ನಲು ನನಗೆ ನೆಪ ಸಿಕ್ಕಿರಲಿಲ್ಲ. "ನನ್ನ ಸೀರಿ ಸಿನಿಮಾದಾಗ ಐತ್ರಿ," ಎಂದು ಪಕ್ಕದಲ್ಲಿ ಕೂತ ಹುಡುಗಿಯರಿಗೆಲ್ಲ ಹೇಳಿಯಾಗಿತ್ತು. ಮೊದಮೊದಲು ಅವಳೂ ನಕ್ಕಳು. ಸಿದ್ದಾರ್ಥ ಎಡಗೈ ಕಿವಿಗೆ ಹಚ್ಚಿ ತೊಡೆ ಬಡಿದುಕೊಂಡಾಗ ಅವಳ ನಗು ನಿಂತಿತು. ಮಿಕ್ಸರಿನ ಮಾತು ಬಂತು. ಸಭಾಂಗಣ ಸೀಟಿ ಹೊಡೆಯಿತು. ಅವಳು ಆ ಕಡೆ ಈ ಕಡೆ ನೋಡಿ ಮತ್ತೆ ನಗತೊಡಗಿದಳು. ಎಲ್ಲರೂ ನಗುವಾಗ ತಾನೊಬ್ಬಳೇ ಸುಮ್ಮನೆ ಕೂತರೆ ಆ ಹೆಂಗಸು ತಾನೇ ಎಂದು ಗೊತ್ತಾಗಿಬಿಡುತ್ತದೆಂದು ಹೆದರಿದ್ದಳು. ಹಿಂದೆ ನಿಂತಿದ್ದ ನನಗೆ ಅದು ತಿಳಿಯಿತು. ಆದರೂ ನಮ್ಮ ಸಿನಿಮಾಕ್ಕೆ ಬಹುಮಾನ ಘೋಷಿಸಿದಾಗ ನಾಚಿಕೆಯಿಲ್ಲದೆ ವೇದಿಕೆಗೆ ಓಡಿದೆ.

ಹೊರಗೆ ಬಂದಾಗ ದೊಡ್ಡವ್ವ, "ಛಲೋ ಆಗೈತಿ," ಎಂದಳು. ಆಮೇಲೆ, "ನನ್ನ ಸೀರಿ ಎಲ್ಲೈತಿ?" ಎಂದು ಕೇಳಿದಳು. ಮನೆಗೆ ಹೋಗಿ, ನಾನು ಆಗಲೇ ಒಗೆದು ಮಡಿಚಿಟ್ಟಿದ್ದ ಆ ಸೀರೆಯನ್ನು ಮತ್ತೊಮ್ಮೆ ಒಗೆದು ಹಾಕಿದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ.

ನಾನು ಸಿನಿಮಾವನ್ನು ಯೂಟ್ಯೂಬಿಗೆ ಹಾಕಿದೆ. ಕೊಪ್ಪಳ ದಾಟಿ, ಕುಷ್ಟಗಿ, ಯಲಬುರ್ಗಾ ಕಡೆಯ ಹುಡುಗರೂ ನೋಡಿ ಹಲ್ಲು ಕಿಸಿಯುವ ಚಿತ್ರ ಕಳಿಸಿದರು. ಒಮ್ಮೆ ಮನೆಯ ಕೀಲಿ ಕೊಡಲು ದೊಡ್ಡವ್ವನ ಶಾಲೆಗೆ ಹೋಗಿದ್ದೆ. ಊಟದ ಸಾಲಿನಲ್ಲಿ ಕೂತ ಮಕ್ಕಳು ತೊಡೆ ಬಡಿದುಕೊಂಡು, "ಚಟ್ನಿ ತಿಂದು ಹೋಗಬಾರದಿತ್ತೇನೋ," ಎಂದು ರಾಗ ತೆಗೆದರು. ಅವಳು ನಗುತ್ತಲೇ ಅವರ ತಟ್ಟೆಗೆ ಸಾರು ಹಾಕುತ್ತ ಹೋದಳು. ನನ್ನನ್ನು ನೋಡಿದ ಕೂಡಲೇ ಒಲೆಯ ಕಡೆ ತಿರುಗಿದಳು. ಅವತ್ತೇ ಅಳಿಸಿಹಾಕಬಹುದಿತ್ತು. ನೋಡುವವರು ಹೆಚ್ಚುತ್ತಲೇ ಇದ್ದರು. ನನಗೆ ಮನಸ್ಸು ಬರಲಿಲ್ಲ.

ಆಮೇಲೆ ಹಿಂದಿನ ಓಣಿಯ ಕನಕಮ್ಮನ ಗಂಡ ತೀರಿಕೊಂಡ. ಮಣ್ಣು ಮುಗಿದು ಕೆಲವು ದಿನಕ್ಕೆ ಕನಕಮ್ಮ ನಮ್ಮ ಬಾಗಿಲಿಗೆ ಬಂದು ನಿಂತಳು.

"ಹುಲಿಗವ್ವಾ, ಎಲ್ಲಾರಿಗೂ ಅತ್ತಿ. ನನ್ನ ಗಂಡ ನಿನಗೇನು ಮಾಡಿದ್ದ? ಮೂಲ್ಯಾಗ ಕುಂತು ಎದ್ದು ಬಂದಿ."

"ಗಂಟಲು ಕಟ್ಟಿತ್ತವ್ವಾ," ಎಂದಳು ದೊಡ್ಡವ್ವ. ಕನಕಮ್ಮ ನಂಬಲಿಲ್ಲ. ಚಾ ಕುಡಿಯದೆ ಹೋದಳು.

ಆ ಸಂಜೆ ನಾನು ಸಿನಿಮಾ ಅಳಿಸಿದೆ. ಅಷ್ಟರಲ್ಲಿ ಚಟ್ನಿಯ ತುಣುಕು ಎಲ್ಲರ ಮೊಬೈಲಿನಲ್ಲೂ ಇತ್ತು. ದೊಡ್ಡವ್ವನ ಮುಂದೆ ಹೋಗಿ, "ತಪ್ಪಾತು" ಎಂದು ಹೇಳಬೇಕೆಂದು ಎಷ್ಟೋ ಸಲ ಹೊರಟೆ. ಬಾಯಿಗೆ ಬರುತ್ತಿದ್ದದ್ದು, "ಇವತ್ತ ಏನ್ ಪಲ್ಯ?" ಎಂಬ ಮಾತು. ಅವಳೂ ಪಲ್ಯದ ಹೆಸರು ಹೇಳುತ್ತಿದ್ದಳು.

ಕೊನೆಯ ಪರೀಕ್ಷೆಗಳು ಹತ್ತಿರ ಬಂದಿದ್ದವು. ಒಂದು ದಿನ ಬೆಳಿಗ್ಗೆ ದೊಡ್ಡವ್ವ ಅಜ್ಜಿಯನ್ನು ಎಬ್ಬಿಸಲು ಹೋದರೆ ಅಜ್ಜಿ ಏಳಲಿಲ್ಲ.

ಹೊತ್ತೇರುವಷ್ಟರಲ್ಲಿ ಅಂಗಳ ತುಂಬಿತು. ಸತ್ತವರನ್ನು ಕೂರಿಸುವ ನಮ್ಮ ರೂಢಿಯಂತೆ ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ದೊಡ್ಡವ್ವ ಟ್ರಂಕು ತೆಗೆದು ಅದೇ ಇಳಕಲ್ ಸೀರೆ ತಂದು ಅಜ್ಜಿಗೆ ಹೊದಿಸಿದಳು. ಅಜ್ಜಿ ಕೊಡಿಸಿದ ಸೀರೆ ಅದು. ಅದು ನನಗೆ ತಿಳಿದದ್ದೇ ಆಗ, ಪಕ್ಕದ ಹೆಂಗಸರ ಮಾತಿನಿಂದ. ಬಾಗಿಲ ಬಳಿ ನಿಂತ ಹುಡುಗಿಯೊಬ್ಬಳು ಪಕ್ಕದವಳಿಗೆ, "ಅದ ಸೀರಿ ನೋಡ," ಎಂದು ಪಿಸುಗುಟ್ಟಿದಳು. ನನಗೆ ಕೇಳಿಸಿತೆಂದ ಮೇಲೆ ದೊಡ್ಡವ್ವನಿಗೂ ಕೇಳಿಸಿರಬೇಕು.

ಎಲ್ಲರೂ ಅವಳಿಗಾಗಿ ಕಾಯುತ್ತಿದ್ದರು. ಓಣಿಯ ಸತ್ತವರಿಗೆಲ್ಲ ಅತ್ತವಳು ಹೆತ್ತ ತಾಯಿಗೆ ಹೇಗೆ ಅತ್ತಾಳೆಂದು ಗಂಡಸರೂ ಮಾತು ನಿಲ್ಲಿಸಿ ಈ ಕಡೆ ನೋಡಿದರು. ದೊಡ್ಡವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ದನಿ ಹೊರಗೆ ಬರುತ್ತಿರಲಿಲ್ಲ.

ಮುನಿಸಿಕೊಂಡು ಹೋಗಿದ್ದ ಕನಕಮ್ಮನೇ ಪಕ್ಕಕ್ಕೆ ಬಂದು ಕೂತಳು. "ಅಳವ್ವಾ ಹುಲಿಗವ್ವಾ. ಹಿಂಗ ಹಿಡಕೊಂಡ್ರ ಎದಿ ಒಡದೀತು," ಎಂದಳು.

ದೊಡ್ಡವ್ವ ಸೆರಗು ತೆಗೆದು ಮೆಲ್ಲಗೆ, "ಏನಂದ್ರೂ ನಗ್ತಾರಬೇ," ಎಂದಳು.

ಅವಳು ನನ್ನತ್ತ ನೋಡಲಿಲ್ಲ. ನಾನು ಅಲ್ಲೇ, ಮೊಳದ ದೂರದಲ್ಲಿದ್ದೆ. ನನ್ನ ಅಜ್ಜಿ ಒಂದು ಅಳುವಿಲ್ಲದೆ ಹೋಗುತ್ತಾಳೆ, ಅದಕ್ಕೆ ಕಾರಣ ನಾನು ಎಂಬುದು ಆಗ ಎದೆಗೆ ಹೊಕ್ಕಿತು. ತೆವಳಿಕೊಂಡು ಅವಳ ಪಕ್ಕಕ್ಕೆ ಹೋದೆ. ಅವಳು ಅಳದಿದ್ದರೆ ನಾನಾದರೂ ಅಳಬೇಕು, ನನ್ನನ್ನು ನೋಡಿ ಎಷ್ಟು ಬೇಕಾದರೂ ನಗಲಿ ಎಂದು ಬಾಯಿ ತೆರೆದೆ. ಅಜ್ಜಿ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ನಾನು ಓದುತ್ತ ಕೂತರೆ ದೀಪ ಆರಿಸಲು ಯಾರನ್ನೂ ಬಿಡುತ್ತಿರಲಿಲ್ಲ. ಹೇಳಲಿಕ್ಕೆ ಎಷ್ಟೊಂದಿತ್ತು. ರಾಗ ಎಳೆದ ಕೂಡಲೇ ಬಾಯಿಂದ ಬಂದದ್ದು, "ಹೊಸಾ ಮಿಕ್ಸರ್..."

ನಾನು ಬರೆದ ಅಳು ಅದೊಂದೇ. ಬೇರೆ ಅಳು ನನಗೆ ಬರುತ್ತಿರಲಿಲ್ಲ.

ಬಾಗಿಲಲ್ಲಿದ್ದ ಹುಡುಗಿ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಮುಂದಿನ ಮಾತು ಬರುವ ಮುಂಚೆ ದೊಡ್ಡವ್ವ ನನ್ನ ತಲೆಯನ್ನು ತೊಡೆಗೆ ಎಳೆದುಕೊಂಡು, ಎಡಗೈಯಿಂದ ನನ್ನ ಬಾಯಿ ಬಿಗಿಯಾಗಿ ಮುಚ್ಚಿದಳು. ಅಂಗೈಯಲ್ಲಿ ಅರಿಸಿನ, ಒಗ್ಗರಣೆಯ ವಾಸನೆ ಇತ್ತು. ಆಮೇಲೆ ಅವಳ ದನಿ ಎದ್ದಿತು.

"ಯವ್ವಾ... ನನ್ನ ಹಡದವ್ವಾ... ಯಾರ ಮುಂದ ಹೇಳ್ಲಿ ಯವ್ವಾ... ನೀ ಕೊಡಿಸಿದ ಸೀರೀನ ಈಕಿ ಗಂಡು ಹುಡುಗಗ ಉಡಿಸಿದಳಲ್ಲಬೇ... ಏನೂ ತಿಳೀಲಾರದ ನಾನ ನೆರಿಗಿ ಹಿಡದು ಉಡಿಸಿದೆನಲ್ಲ ಯವ್ವಾ... ನಾಕ್ ಮಂದ್ಯಾಗ ನನ್ನ ನಗಿಪಾಟಲು ಮಾಡಿದಳಲ್ಲಬೇ..."

ನನ್ನ ಅವ್ವ ಇನ್ನೂ ಗಂಗಾವತಿಯಿಂದ ಬಂದಿರಲಿಲ್ಲ. ಅವಳೊಬ್ಬಳು ಇದನ್ನು ಕೇಳಲಿಲ್ಲವಲ್ಲ ಎಂಬುದಷ್ಟೇ ನನಗೆ ಸಮಾಧಾನ.

"ನಿನಗ ಹೇಳಿದ್ರ ಈಕೀಗಿ ಬೈತಿ ಅಂತ ಹೇಳ್ಲಿಲ್ಲ ಯವ್ವಾ... ಒಳಗ ಇಟಗೊಂಡಿದ್ನಲ್ಲಬೇ... ಈಗ ಹೇಳೀನಿ ನೋಡು... ಬೈಬ್ಯಾಡ ಯವ್ವಾ ಈಕೀಗಿ... ಸೋಮಾರ ಪರೀಕ್ಷಾ ಐತಬೇ ಈಕೀದು..."

ಹೆಣದ ಮುಂದೆ ಸೋಮವಾರದ ಪರೀಕ್ಷೆ. ಇದನ್ನು ಸಿನಿಮಾದಲ್ಲಿ ಇಟ್ಟಿದ್ದರೆ ಸಭಾಂಗಣ ಬಿದ್ದು ಬಿದ್ದು ನಗುತ್ತಿತ್ತು. ಇಲ್ಲಿ ಯಾರೂ ನಗಲಿಲ್ಲ. ಕನಕಮ್ಮ ಮೊದಲು ಬಿಕ್ಕಿದಳು, ಆಮೇಲೆ ಬಾಗಿಲಲ್ಲಿದ್ದ ಆ ಹುಡುಗಿ. ಎಲ್ಲರ ಕಣ್ಣು ನನ್ನ ಮೇಲಿದೆ ಎಂದು ಗೊತ್ತಿತ್ತು. ನಾನು ತಲೆ ಎತ್ತಲಿಲ್ಲ. ಎತ್ತಲು ದೊಡ್ಡವ್ವ ಬಿಡಲೂ ಇಲ್ಲ. ಎಡಗೈ ನನ್ನ ಬಾಯಿಯ ಮೇಲೇ ಇತ್ತು, ಬಲಗೈಯಿಂದ ತೊಡೆಗೆ ಬದಲು ನನ್ನ ಬೆನ್ನಿಗೆ ಬಡಿಯುತ್ತ ಅಳುತ್ತಿದ್ದಳು.