ಮಡಚಿ ಮಲಗಿದ ಮಯೋಸಿನ್

ಉಚ್ಚಂಗಮ್ಮನವರು ಬಾಳಿನಲ್ಲಿ ಗೆದ್ದದ್ದು ಒಂದನ್ನೇ. ಅದಕ್ಕೆ ಹರೆಯವೆಲ್ಲ ಸವೆದಿತ್ತು. ಹಿರಿಯೂರಿನ ಬೋರಪ್ಪನ ಅಂಗಡಿಯಿಂದ ಕೋಳಿಯ ಕಂದನಕಾಯಿಗಳನ್ನು, ಎಂದರೆ ಕಾಳು ಅರೆಯುವ ಆ ಗಟ್ಟಿ ಹೊಟ್ಟೆಚೀಲಗಳನ್ನು, ಐಸ್‌ಕ್ಯಾಂಡಿ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಚಿತ್ರದುರ್ಗದ ಕಾಲೇಜಿನ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದರು. ಮಾಂಸ ಮುಟ್ಟದ ಮನೆ. ಸಂಜೆ ತಾಯಿ ಶಾಂತಕ್ಕ ಹಿತ್ತಲಲ್ಲೇ ನೀರು ಕಾಯಿಸಿಟ್ಟು, "ಕೋಳಿ ಡಾಕ್ಟ್ರು ಬಂದ್ರು! ತಲೆಮ್ಯಾಲೆ ನೀರು ಹಾಕ್ಕಂಡು ಒಳಗೆ ಬಾರವ್ವ" ಎನ್ನುತ್ತಿದ್ದರು. ಎಷ್ಟೋ ಸಲ ಕೆಟ್ಟುಹೋದ ಮೇಲೆ, ಕಂದನಕಾಯಿಯ ನುಣುಪು ಸ್ನಾಯುವಿನಿಂದ ಸ್ನಾಯುವನ್ನು ಬಿಗಿಸುವ ಮಯೋಸಿನ್ ಎಂಬ ಪ್ರೋಟೀನು ಶುದ್ಧವಾಗಿ ಕೈಗೆ ಬಂದಿತು. ಬೆಂಗಳೂರಿನಲ್ಲಿ ತೆಗೆಸಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ಅದು ಬಾಲ ಮಡಚಿ, ತಲೆಗಳನ್ನು ಹಿಂದಕ್ಕೆ ಬಾಗಿಸಿ, ಕೊಟ್ಟಿಗೆಯ ಕರುವಿನಂತೆ ಮಲಗಿತ್ತು. ಕತ್ತಿನ ಬಳಿ ಫಾಸ್ಫೇಟ್ ಅಂಟಿಸಿದ ಮೇಲೆ ತೆಗೆದ ಚಿತ್ರದಲ್ಲಿ ನೆಟ್ಟಗೆ ಚಾಚಿಕೊಂಡಿತ್ತು.

ಈಗ ಅವರು ಚಿತ್ರದುರ್ಗದ ಒಂದು ಹೆರಿಗೆ ಆಸ್ಪತ್ರೆಯ ಬೆಂಚಿನ ಮೇಲೆ, ತೊಡೆಯ ಮೇಲೊಂದು ಫ್ಲಾಸ್ಕು ಹಿಡಿದು ಕುಳಿತಿದ್ದರು. ಮೊಮ್ಮಗಳು ಸುಷ್ಮಿತಾಳಿಗೆ ಹೆಣ್ಣು ಕೂಸಾಗಿತ್ತು. ಕೂಸು ಚೆನ್ನಾಗಿತ್ತು. ತಾಯಿಯ ರಕ್ತಸ್ರಾವ ನಿಂತಿರಲಿಲ್ಲ.

"ಗರ್ಭಕೋಶ ಬಿಗೀತಿಲ್ಲ ಅಂತಾರೆ ಅಜ್ಜಿ. ಹಂಗಂದ್ರೇನು?" ಎಂದ ಅವಳ ಗಂಡ ಶಿವು.

"ಅದೂ ಕಂದನಕಾಯಿ ಜಾತಿ ಸ್ನಾಯುನೇ ಕಣಪ್ಪ. ಮಯೋಸಿನ್ನು ಮಲಗೈತೆ. ಸೂಜಿ ಮದ್ದು ಹೋದ್ರೆ ಕ್ಯಾಲ್ಸಿಯಂ ಏರ್ತೈತೆ, ಅದು ಒಂದು ಕಿಣ್ವನ ಎಬ್ಬಿಸ್ತೈತೆ, ಕಿಣ್ವ ಫಾಸ್ಫೇಟ್ ಅಂಟಿಸ್ತೈತೆ. ಆಗ ಮಯೋಸಿನ್ನು ಎದ್ದು ಹಿಡೀತೈತೆ. ಹಿಡಿದ್ರೆ ರಕ್ತನಾಳ ಮುಚ್ಕಂತವೆ."

"ಏಳದಿದ್ರೆ?"

ಅದೂ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಎದೆಯೊಳಗೆ ಏನೊಂದೂ ಅಲುಗಲಿಲ್ಲ. ಎದುರಿನ ಹಸಿರು ಗೋಡೆ, ಕಾಲ ಕೆಳಗಿನ ಚಪ್ಪಲಿ, ಎಲ್ಲವೂ ಇನ್ನಾರದೋ ಎಂಬಂತೆ ಕಂಡವು.

ಬಾಗಿಲು ತೆರೆದು ನರ್ಸ್ ಜಯಕ್ಕ ಹೊರಬಂದಳು. "ಬಿಗೀತು ಬಿಡ್ರಿ! ಕಲ್ಲಾದಂಗಾಗೈತೆ. ರಕ್ತ ನಿಂತೈತೆ. ಬರ್ರಿ ಒಳಗೆ."

ಶಿವು ಗೋಡೆಗೊರಗಿ ಅತ್ತುಬಿಟ್ಟ. ಉಚ್ಚಂಗಮ್ಮನವರಿಗೆ ಅಳುವೂ ಬರಲಿಲ್ಲ, ನಗೆಯೂ ಬರಲಿಲ್ಲ. ಫ್ಲಾಸ್ಕು ಹಿಡಿದ ಬೆರಳುಗಳು ಸಡಿಲವಾಗಲೊಲ್ಲವು. ಶಿವುವೇ ಒಂದೊಂದಾಗಿ ಬಿಡಿಸಬೇಕಾಯಿತು. ಬೆರಳಿನದು ಬೇರೆ ಜಾತಿಯ ಸ್ನಾಯು ಎಂದಷ್ಟೇ ಅವರಿಗೆ ತೋಚಿತು.

ಸುಷ್ಮಿತಾ ಸುಣ್ಣದಂತೆ ಬಿಳಿಚಿದ್ದಳು. ಅಜ್ಜಿಯ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅಂಗೈಯಡಿಯಲ್ಲಿ ಗರ್ಭಕೋಶ ಗುಂಡುಕಲ್ಲಿನಂತೆ ಗಟ್ಟಿಯಾಗಿತ್ತು. ಉಚ್ಚಂಗಮ್ಮನವರು ಕೈ ತೆಗೆಯಲಿಲ್ಲ.

"ಅಜ್ಜಿ, ಆ ಕೋಳಿ ಡಾಕ್ಟ್ರು ಕತೆ ಇನ್ನೊಂದ್ಸಲ ಹೇಳು," ಎಂದಳು ಸುಷ್ಮಿತಾ, ಕಣ್ಣು ತೆರೆಯದೆ. "ಬಸ್ಸಿಂದ ಶುರು ಮಾಡು."